ಒಂಬತ್ತನೆಯ ಮೀಟರು

ಮಾರ್ಚ್ 4

ಮೊಂಡನಿಗೆ,

ಆಶೀರ್ವಾದ ಗೀಶೀರ್ವಾದ ಎಲ್ಲ ಕೊನೆಯಲ್ಲಿ, ಉಳಿದಿದ್ದರೆ.

ಫೋನು ಬಿಟ್ಟು ಕಾಗದ ಯಾಕೆ ಅನ್ನಬೇಡ. ಕಷ್ಟದ ಪ್ರಶ್ನೆ ಬಂದ ಕೂಡಲೆ ನಿನ್ನ ಫೋನಿಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ರೋಗ ಇಲ್ಲ.

ನಿನ್ನ ಷೆಡ್ಡಿನಲ್ಲಿ ಹುಟ್ಟಿ, ಫೋರ್‌ಮನ್ ಅಂತ ನೀನೇ ರುಜು ಹಾಕಿ ಕಳಿಸಿದ ರೆಕ್ಕೆಯೊಂದು ನಮ್ಮ ಗುಡ್ಡದ ಹದಿನಾಲ್ಕನೆಯ ಗಾಳಿಯಂತ್ರದಲ್ಲಿದೆ. ನಂಬರು 212-ಬಿ. ನಲವತ್ತೆರಡು ಮೀಟರು ಉದ್ದ, ಹಾಲಿನಂಥ ಬಣ್ಣ, ಎಲ್ಲೂ ಒಂದು ಗೀರಿಲ್ಲ. ಫೆಬ್ರವರಿ ನಡುವಿನಲ್ಲಿ ಏರಿಸಿದ್ದು; ಗಾಳಿಕಾಲ ಬಾರದೆ ಇನ್ನೂ ನೆಟ್ಟಗೆ ತಿರುಗಿಲ್ಲ. ಕಳೆದ ಬುಧವಾರ ಅದನ್ನು ಅಡ್ಡಲಾಗಿ ನಿಲ್ಲಿಸಿ, ಬುಡದ ಬಾಯಿಯಿಂದ ಒಳಗೆ ತೆವಳಿದೆ. ಹಗ್ಗಕ್ಕೆ ಜೋತುಬಿದ್ದು ರೆಕ್ಕೆ ರಿಪೇರಿ ಮಾಡುವವನೊಬ್ಬ ನಮ್ಮಲ್ಲಿದ್ದಾನೆ, ಹಗ್ಗದವನು ಅಂತಲೇ ಅವನ ಹೆಸರು. ಅವನು ನನ್ನ ಸೊಂಟದ ಹಗ್ಗ ಹಿಡಿದು ಬಾಯಲ್ಲಿ ಕೂತಿದ್ದ. ಅಪ್ಪನ ಸುತ್ತಿಗೆಯನ್ನು ನೀನು ಎತ್ತಿಟ್ಟುಕೊಂಡಿರುವುದರಿಂದ ನಾನು ನಾಣ್ಯದಲ್ಲಿ ಬಡಿಯುತ್ತ ಹೋದೆ. ಒಂದು ಮೀಟರು ಟಣ್. ಐದು, ಟಣ್. ಎಂಟು, ಟಣ್. ಒಂಬತ್ತನೆಯ ಮೀಟರಿನಲ್ಲಿ ಡಬ್.

ಅಪ್ಪ ಮೂವತ್ತು ವರ್ಷ ರೈಲುಗಾಲಿ ಬಡಿದು ಬಿರುಕು ಹುಡುಕಿದವರು. ಅವರ ಮಕ್ಕಳಿಗೆ ಡಬ್ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಯಂತ್ರದ ಮಾತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೂರುವುದರಲ್ಲಿ ನೀನು ಚಿಕ್ಕಂದಿನಿಂದ ಜಾಣ. ಗಾಜಿನೆಳೆಯ ಬಟ್ಟೆ ಪದರ ಪದರವಾಗಿ ಹಾಸಿ, ಅಂಟು ಕುಡಿಸಿ ಮಾಡಿದ ಸಿಪ್ಪೆ ಅದು. ಅದರ ಒಳಮೈಗೆ ನೀವು ಹದಿನಾರು ಬಿಲ್ಲೆ ಅಂಟಿಸುತ್ತೀರಿ. ಒಂದು ಬಿಲ್ಲೆ ನಡುಗಿ ಅಲೆ ಬಿಡುತ್ತದೆ, ಮಿಕ್ಕ ಹದಿನೈದು ಕೇಳಿಸಿಕೊಳ್ಳುತ್ತವೆ. ಆ ಅಲೆ ಸಿಪ್ಪೆಯ ಎರಡು ಮೈಗಳ ನಡುವೆ, ಓಣಿಯಲ್ಲಿ ನಡೆದವರ ಹಾಗೆ, ಉದ್ದಕ್ಕೂ ಸಾಗುತ್ತದೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ ಅಲ್ಲಿ ಎಡವಿ ಒಂದಿಷ್ಟು ಹಿಂದಕ್ಕೆ ಬರುತ್ತದೆ. ರೆಕ್ಕೆ ಹುಟ್ಟಿದ ದಿನ ನಿಮ್ಮ ಷೆಡ್ಡಿನಲ್ಲಿ ಒಮ್ಮೆ ಹಾಡಿಸಿ ಬರೆದಿಡುತ್ತೀರಿ, ಅದು ತಾಯಿ ದಾಖಲೆ. ಇಲ್ಲಿ ನಾವು ತಿಂಗಳಿಗೊಮ್ಮೆ ಹಾಡಿಸಿ, ಅದರಿಂದ ತಾಯಿ ದಾಖಲೆಯನ್ನು ಕಳೆಯುತ್ತೇವೆ. ಸೊನ್ನೆ ಉಳಿದರೆ ರೆಕ್ಕೆ ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ ಅಂತ ಲೆಕ್ಕ.

212-ಬಿಗೆ ಬಂದದ್ದು ದುಂಡನೆಯ ಸೊನ್ನೆ. ಬಡಿದರೆ ಡಬ್, ಕಳೆದರೆ ಸೊನ್ನೆ. ಎರಡರಲ್ಲಿ ಒಂದು ಸುಳ್ಳು.

ನಮ್ಮ ಮೇಲಿನವರಿಗೆ ಸೊನ್ನೆ ಅಂದರೆ ಪ್ರಾಣ. ಏಪ್ರಿಲ್ 20ಕ್ಕೆ ಗಾಳಿಕಾಲ ಶುರು, ಅವತ್ತು ಹದಿನಾಲ್ಕನೆಯದನ್ನೂ ತಿರುಗಲು ಬಿಡುತ್ತಾರೆ. ಆ ಕಂಬದ ಬುಡದಲ್ಲೇ ನಮ್ಮ ರಿಪೇರಿ ಷೆಡ್ಡು. ದಿನವೂ ಹನ್ನೊಂದು ಜನ ಅಲ್ಲಿ ಕೂತು ಕೆಲಸ ಮಾಡುತ್ತೇವೆ. ಒಂದು ಕುರ್ಚಿ ನನ್ನದು.

ಒಂದೇ ಪ್ರಶ್ನೆ. ಬಣ್ಣ ಒಣಗಿದ ಮೇಲೆ, ತಾಯಿ ದಾಖಲೆ ತೆಗೆಯುವ ಮುಂಚೆ, ಆ ರೆಕ್ಕೆಗೆ ಏನಾದರೂ ತಾಗಿತೆ? ಮೇಲೆ ಬಣ್ಣ, ಒಳಗೆ ಹುಣ್ಣು ಅಂತ ಆಗಿದ್ದರೆ ಈಗಲೇ ಹೇಳು. ಒಂದು ಸಾಲು ಸಾಕು.

ಅಕ್ಕ


ಮಾರ್ಚ್ 15

ಪ್ರೀತಿಯ ಅಕ್ಕನಿಗೆ (ಪ್ರೀತಿ ಅನ್ನುವುದು ಅಭ್ಯಾಸಬಲದಿಂದ ಬಂತು),

ಒಂದು ಸಾಲು ಕೇಳಿದೆ. ಇಗೋ: ಏನೂ ತಾಗಿಲ್ಲ.

ಉತ್ತರ ಮುಗಿಯಿತು. ಮುಂದಿನದು ನನ್ನ ಸಿಟ್ಟು.

ಹತ್ತೊಂಬತ್ತು ವರ್ಷದಿಂದ ಬಟ್ಟೆ ಹಾಸುತ್ತಿದ್ದೇನೆ. ನನ್ನ ಅಂಗೈ ನೋಡಿದ್ದೀಯಾ? ರೆಸಿನ್ ಕುಡಿದು ಕುಡಿದು ರೇಖೆಯೇ ಇಲ್ಲ, ಕೈ ನೋಡಿ ಭವಿಷ್ಯ ಹೇಳುವವರು ಕೂಡ ಕ್ಷಮೆ ಕೇಳಿ ಎದ್ದು ಹೋಗುತ್ತಾರೆ. ಅಂಥವನ ಕೆಲಸಕ್ಕೆ ನೀನು ನಾಣ್ಯದಲ್ಲಿ ಟಕಟಕ ಬಡಿದು ಮಾರ್ಕು ಕೊಡುತ್ತೀಯ. ಸ್ಕೂಲಿನಲ್ಲಿ ನನ್ನ ಕಾಪಿ ಪುಸ್ತಕದ ಮೇಲೆ ಕೆಂಪು ಗೀಟು ಎಳೆದವಳು ನೀನೇ. ಮೇಷ್ಟರು ಎಳೆಯುವ ಮುಂಚೆ.

ನಮ್ಮಲ್ಲಿ ಎಲ್ಲ ನಿಯಮದ ಪ್ರಕಾರವೇ ನಡೆದಿದೆ. ಅಚ್ಚಿನಿಂದ ತೆಗೆದದ್ದು ಸರಿ, ಬಣ್ಣ ಸರಿ, ಕ್ರೇನು ಕೂಡ ಸರಿಯಾಗೇ ಇತ್ತು, ಬಿಲ್ಲೆ ಹದಿನಾರೂ ಬಾಯಿ ಬಿಟ್ಟವು. ಸೊನ್ನೆ ಬಂದಿದೆ ಅಂತ ನೀನೇ ಬರೆದಿದ್ದೀಯ. ಸೊನ್ನೆ ಬಂದರೂ ತಪ್ಪು ಹುಡುಕುವವರನ್ನು ನಾನು ಇಷ್ಟು ವಯಸ್ಸಿನಲ್ಲಿ ಮೊದಲ ಸಲ ನೋಡುತ್ತಿದ್ದೇನೆ.

ಸುತ್ತಿಗೆಯ ಮಾತು ಬಂತಲ್ಲ, ಅದಕ್ಕೇ ಈ ಕಾಗದ ಅಂತ ಗೊತ್ತಾಯಿತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ನಿನಗೆ ಕಿವಿ ಕೊಟ್ಟಿದ್ದಾರೆ ಅಂತ ಊರೆಲ್ಲ ಹೇಳುತ್ತದೆ, ಸಾಲದೆ?

ಮನೆಯಲ್ಲಿ ಎಲ್ಲರೂ ಕ್ಷೇಮ.

ನಿನ್ನ ಮೊಂಡ


ಮಾರ್ಚ್ 21

ಮೊಂಡ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಾನು ಕ್ರೇನಿನ ಸುದ್ದಿಯನ್ನೇ ಎತ್ತಿರಲಿಲ್ಲ. ಕೇಳದೇ ಇದ್ದದ್ದಕ್ಕೆ ಉತ್ತರ ಬಂದಿದೆ. ಕಿಟಕಿ ಗಾಜು ಒಡೆದ ದಿನ ನೀನು ಮನೆಗೆ ಬಂದು ‘ಅಮ್ಮಾ, ನಾನು ಇವತ್ತು ಚೆಂಡು ಮುಟ್ಟೇ ಇಲ್ಲ’ ಅಂದದ್ದು ನೆನಪಾಯಿತು.

ಇನ್ನೊಂದು ಕೆಲಸವನ್ನೂ ಮಾಡಿದೆ. ಅದೇ ಅಚ್ಚಿನಲ್ಲಿ ಹುಟ್ಟಿದ ಅಕ್ಕತಂಗಿಯರು ಇದೇ ಕಂಬದಲ್ಲಿದ್ದಾರಲ್ಲ, 212-ಎ, 212-ಸಿ. ಮೂವರ ತಾಯಿ ದಾಖಲೆಯನ್ನೂ ಒಂದರ ಕೆಳಗೊಂದು ಇಟ್ಟೆ. ಎ ನುಣುಪು. ಸಿ ನುಣುಪು. ಬಿಯ ಗೆರೆಯಲ್ಲಿ ಮಾತ್ರ ಒಂದು ಸಣ್ಣ ಗುಬುಟು. ಅಲೆ ಒಂಬತ್ತು ಮೀಟರು ಹೋಗಿ ಎಡವಿ ವಾಪಸ್ ಬರಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟು ಹೊತ್ತಿಗೆ ಆ ಗುಬುಟು ಎದ್ದಿದೆ. ಅಂದರೆ ಮೊದಲ ಸಲ ಹಾಡಿಸಿದಾಗಲೇ ಹುಣ್ಣು ಇತ್ತು. ಹುಣ್ಣಿನ ರೆಕ್ಕೆಯಿಂದ ಹುಣ್ಣಿನ ರೆಕ್ಕೆ ಕಳೆದರೆ ಸೊನ್ನೆ ಬರದೆ ಇನ್ನೇನು ಬರುತ್ತದೆ?

ತಾರೀಖೂ ನೋಡಿದೆ. ಬಣ್ಣ ಮುಗಿದದ್ದು ಜನವರಿ 31ರ ಮಧ್ಯಾಹ್ನ. ನಿಯಮದ ಪ್ರಕಾರ ರೆಕ್ಕೆ ಕದಲಿಸುವ ಮುಂಚೆ, ಅದೇ ಸಂಜೆ ತಾಯಿ ದಾಖಲೆ ಆಗಬೇಕು. ಆದದ್ದು ಫೆಬ್ರವರಿ 1ರ ಬೆಳಿಗ್ಗೆ ಹತ್ತಕ್ಕೆ, ಅಂಗಳದಲ್ಲಿ. ಷೆಡ್ಡಿನಿಂದ ಅಂಗಳಕ್ಕೆ ರೆಕ್ಕೆ ನಡೆದುಕೊಂಡು ಹೋಗಲಿಲ್ಲ ಅಂದುಕೊಳ್ಳುತ್ತೇನೆ.

ಇದನ್ನೆಲ್ಲ ನಮ್ಮ ಮೇಲಿನವರ, ಅದೇ ಸೊನ್ನೆ ಸಾಹೇಬರ, ಮುಂದೆ ಹರಡಿದೆ. ಕೈಯಿಂದ ಹಾಸಿದ ಪದರ, ಒಂದು ರೆಕ್ಕೆ ಇನ್ನೊಂದರ ಹಾಗೆ ಇರುವುದಿಲ್ಲ, ಅಕ್ಕತಂಗಿಯರನ್ನು ಹೋಲಿಸಬೇಕು ಅಂತ ಕೈಪಿಡಿಯಲ್ಲಿ ಎಲ್ಲೂ ಇಲ್ಲ ಅಂದರು. ಬೇರೆ ಯಂತ್ರ ತರಿಸಿ ನೋಡೋಣ ಅಂದೆ. ಸೊನ್ನೆಗೆ ಎರಡನೆಯ ಅಭಿಪ್ರಾಯ ಬೇಕಿಲ್ಲ ಅಂದರು. ನನ್ನ ಬಡಿತವನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಏನೋ ಕಾರಣ ಹೇಳಿದರು, ಬಿಡು. ಹಗ್ಗದವನೂ ಒಳಗೆ ಹೋಗಿ ಬಡಿದು, ಕೇಳಿ, ಡಬ್ ಅಂದ. ಅವನಿಗೆ ಕೇಳುವುದಕ್ಕೆ ಸರ್ಟಿಫಿಕೇಟು ಇಲ್ಲವಂತೆ.

ಈಗ ಉಳಿದಿರುವುದು ಒಂದೇ ದಾರಿ. ತಾಗಿದ್ದನ್ನು ಕಂಡವರು ಯಾರಾದರೂ ಬರೆದು ಕೊಡಬೇಕು. ಆ ದಿನ ಕ್ರೇನಿನ ಮೇಲೆ ಕೂತಿದ್ದ ಕುರುಡ ಯಾರು? ನಿನಗೆ ಧೈರ್ಯ ಇಲ್ಲದಿದ್ದರೆ ಸ್ಟೋರಿನಲ್ಲಿ ಬೋಲ್ಟು ಎಣಿಸುವ ನಿನ್ನ ಹೆಂಡತಿಯನ್ನು ಕೇಳು, ಅವಳಾದರೂ ಹೆಸರು ಹೇಳಿಯಾಳು. ಎಣಿಕೆಯನ್ನಾದರೂ ತಪ್ಪದೆ ಮಾಡುತ್ತಾಳಲ್ಲ.

ಅಕ್ಕ


ಏಪ್ರಿಲ್ 6

ಅಕ್ಕನಿಗೆ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಮೂರು ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವ ಕೆಲಸ ನಿನ್ನದು.

ಕ್ರೇನಿನ ಮೇಲೆ ಕೂತಿದ್ದದ್ದು ಕುರುಡನಲ್ಲ, ನನ್ನ ಹೆಂಡತಿ. ಬೋಲ್ಟು ಎಣಿಸುತ್ತಿದ್ದವಳು ಒಂದೂವರೆ ವರ್ಷ ಕಲಿತು, ಎರಡು ಪರೀಕ್ಷೆ ಕಟ್ಟಿ, ಆಗಸ್ಟಿನಿಂದ ಕ್ರೇನು ನಡೆಸುತ್ತಿದ್ದಾಳೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಅದಕ್ಕೂ ಒಂದು ಪ್ರಾಸ ಕಟ್ಟಿ ನಗುತ್ತೀಯ, ಅದು ಅವಳ ಕಿವಿಗೆ ಬೀಳುತ್ತದೆ.

ತಿಂಗಳ ಕೊನೆ. ಮೂರು ರೆಕ್ಕೆ ಸಾಲಾಗಿ ನಿಂತಿದ್ದವು, ಷೆಡ್ಡು ಖಾಲಿಯಾಗಬೇಕಿತ್ತು. ಬಿಲ್ಲೆಗಳ ಕೆಳಗಿನ ಅಂಟು ಸಂಜೆಗೆ ಒಣಗಿರಲಿಲ್ಲ. ಒದ್ದೆ ಅಂಟಿನಲ್ಲಿ ಹಾಡಿಸಿದರೆ ದಾಖಲೆ ಕೆಡುತ್ತದೆ. ಹಾಗಾಗಿ ರೆಕ್ಕೆಯನ್ನು ಮೊದಲು ಅಂಗಳಕ್ಕೆ ಸಾಗಿಸಿ, ಬೆಳಿಗ್ಗೆ ಹಾಡಿಸಿಕೊಳ್ಳೋಣ ಅಂತ ನಾನೇ ಹೇಳಿದೆ. ತಿಂಗಳ ಕೊನೆಗೆ ನಾವು ಹಾಗೇ ಮಾಡುವುದು. ಅಂಗಳದಲ್ಲಿ ಇಳಿಸಿ ಪಟ್ಟಿ ಬಿಚ್ಚಿ, ಬರಿಯ ಕೊಕ್ಕೆ ಮೇಲಕ್ಕೆ ಎತ್ತುವಾಗ ಅದು ತೂಗಿ ಬಂದು ತಾಗಿತು. ಮುತ್ತಿಟ್ಟ ಹಾಗೆ, ಅಷ್ಟೇ. ಅವಳು ಇಳಿದು ಬಂದು, ತಾಗಿದ್ದನ್ನು ಬರೆಸೋಣ ಅಂದಳು. ನಾನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ, ಬಟ್ಟೆಯಿಂದ ಒರೆಸಿದೆ, ಬೆಳಕು ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಗುರುತಿರಲಿಲ್ಲ. ಅವಳು ಕಾಯಂ ಆಗಲು ಇನ್ನು ಹನ್ನೆರಡು ದಿನವಿತ್ತು. ಬಾಯಿ ಮುಚ್ಚಿಕೊಂಡು ಹೋಗಿ ಹತ್ತು ಅಂದೆ.

ಇದನ್ನು ಬರೆದು ಕೊಡು ಅನ್ನುತ್ತೀಯ. ಕೊಟ್ಟರೆ ಮೊದಲು ಕೆಳಗಿಳಿಯುವವಳು ಅವಳು. ಅವಳು ಆ ಕುರ್ಚಿ ಹತ್ತಲು ಪಟ್ಟ ಪಾಡು ನಿನಗೆ ಗೊತ್ತಿಲ್ಲ, ನೀನು ಒಂದು ದಿನವೂ ಕೇಳಿಲ್ಲ.

ಇನ್ನೊಂದು. ನಿಮ್ಮ ಗುಡ್ಡಕ್ಕೆ ರೆಕ್ಕೆ ಸಾಗಿಸುವ ಲಾರಿಯವನು ಮೊನ್ನೆ ಇಲ್ಲಿ ಊಟಕ್ಕೆ ಕೂತಾಗ ಹೇಳಿದ. ಡಾಕ್ಟರ ತಪಾಸಣೆಯಲ್ಲಿ ನಿನ್ನ ಎಡಗಿವಿ ಫೇಲಾಗಿದೆಯಂತೆ. ಅಪ್ಪನಿಗೂ ಮೊದಲು ಹೋದದ್ದು ಎಡಗಿವಿಯೇ. ನನ್ನ ಫೋನಿನ ಸಿಗ್ನಲ್ ಮೇಲೆ ಎಷ್ಟು ಚೆನ್ನಾಗಿ ಗೂಬೆ ಕೂರಿಸಿದೆ ಅಕ್ಕ. ಕೇಳಿಸದ್ದಕ್ಕೆ ಕಾಗದ ಬರೆಯುತ್ತಿದ್ದೀಯ, ಅದನ್ನು ಮುಚ್ಚಿಟ್ಟು ನನ್ನ ಬಾಯಿ ಬಿಡಿಸಲು ಬರುತ್ತೀಯ. ಡಬ್ ಅಂದದ್ದು ರೆಕ್ಕೆಯೋ ನಿನ್ನ ಕಿವಿಯೋ, ಯಾರು ಹೇಳಬೇಕು?

ಓದಿ ಹರಿದುಹಾಕು.

ತಮ್ಮ


ಏಪ್ರಿಲ್ 11

ಹರಿದಿಲ್ಲ.

ಎಡಗಿವಿ ಹೋಗಿದೆ. ನವೆಂಬರಿನಿಂದ. ಫೋನು ಇಟ್ಟುಕೊಂಡರೆ ನಿನ್ನ ದನಿ ಗೋಣಿಚೀಲದೊಳಗಿಂದ ಬಂದ ಹಾಗೆ ಬರುತ್ತದೆ. ‘ಏನು, ಏನು’ ಅಂತ ಕೇಳಿಕೊಂಡು ನಿನ್ನ ಎದುರು ಚಿಕ್ಕವಳಾಗಲು ಇಷ್ಟವಿರಲಿಲ್ಲ. ಬಲಗಿವಿ ಗಟ್ಟಿ ಇದೆ. ರೆಕ್ಕೆಯೊಳಗೆ ಬಲಗಡೆಗೇ ವಾಲಿಕೊಂಡು ಬಡಿದೆ. ಡಬ್ ಅಂದದ್ದು ರೆಕ್ಕೆ. ಸೊನ್ನೆ ಸಾಹೇಬರು ನನ್ನ ತಪಾಸಣೆಯ ಚೀಟಿಯನ್ನು ಮೇಜಿನ ಮೇಲಿಟ್ಟು, ‘ಮೇಡಂ, ನಿಮ್ಮ ಕಿವಿಗಿಂತ ನಮ್ಮ ಸೊನ್ನೆ ವಾಸಿ’ ಅಂದರು. ನಿನಗೆ ಬರೆಯದೆ ಬಿಟ್ಟ ಕಾರಣ ಅದು. ಈಗ ನೀನೂ ಅದೇ ಮಾತು ಬರೆದಿದ್ದೀಯ. ಅವರು ಹೊರಗಿನವರು.

ಮುತ್ತು ಅಂದೆಯಲ್ಲ. ಆ ಕೊಕ್ಕೆಯ ತೂಕ ಇನ್ನೂರು ಕಿಲೋ. ಅಂಥ ಮುತ್ತಿಗೆ ಕಬ್ಬಿಣ ತಗ್ಗಾಗಿ ಕುಳಿ ತೋರಿಸುತ್ತದೆ, ಅದಕ್ಕೆ ಮಾನ ಮರ್ಯಾದೆ ಇದೆ. ಈ ಸಿಪ್ಪೆ ಹಾಗಲ್ಲ. ಮೇಲಿನ ಮೈ ಬಗ್ಗಿ ವಾಪಸ್ ಬಂದು ಏನೂ ಆಗದ ಹಾಗೆ ನಗುತ್ತದೆ, ಒಳಗೆ ಪದರಗಳು ಕೈ ಬಿಟ್ಟಿರುತ್ತವೆ. ಹತ್ತೊಂಬತ್ತು ವರ್ಷ ಬಟ್ಟೆ ಹಾಸಿದವನಿಗೆ ಇದು ಗೊತ್ತು. ಗೊತ್ತಿದ್ದೇ ಹೆಬ್ಬೆರಳಲ್ಲಿ ಒತ್ತಿ ನೋಡಿದ್ದೀಯ. ಬೆರಳಿಗೆ ಸಿಗುವುದಾದರೆ ಬಿಲ್ಲೆ ಯಾಕೆ ಅಂಟಿಸುತ್ತಿದ್ದೆವು?

ಕುರುಡ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ವಿಳಾಸ ಮಾತ್ರ ಬದಲಿಸುತ್ತೇನೆ. ಕಂಡ ಕೂಡಲೇ ಬರೆಸೋಣ ಅಂದವಳು ಅವಳು. ಒರೆಸಿದವನು ನೀನು.

ಅವಳ ಕೆಲಸ ಹೋಗುತ್ತದೆ ಅನ್ನುತ್ತೀಯ. ಹೋಗಬಹುದು. ನನ್ನ ಕಂಬದ ಬುಡದಲ್ಲಿ ಹನ್ನೊಂದು ಜನ ಇದ್ದಾರೆ. ಗಾಳಿ ಶುರುವಾದರೆ ಆ ಬಿರುಕು ಹೆಚ್ಚು ದಿನ ಒಂಬತ್ತನೆಯ ಮೀಟರಿನಲ್ಲೇ ಕೂತಿರುವುದಿಲ್ಲ. ಹಗ್ಗದವನು ನಿನ್ನೆ ತನ್ನ ಮೇಜನ್ನು ಹೊರಗೆ ಎಳೆದು ಬಿಸಿಲಲ್ಲಿ ಹಾಕಿಕೊಂಡ. ಯಾಕಯ್ಯಾ ಅಂದರೆ, ‘ನನ್ನ ಕಿವಿಗೆ ಸರ್ಟಿಫಿಕೇಟು ಇಲ್ಲ ಮೇಡಂ, ತಲೆಯಾದ್ರೂ ಉಳೀಲಿ’ ಅಂದ. ಮಿಕ್ಕವರು ನಕ್ಕರು. ಆಮೇಲೆ ಇನ್ನಿಬ್ಬರು ಮೇಜು ಎಳೆದರು.

ನಿನ್ನ ಕಾಗದ ನನ್ನ ಊಟದ ಡಬ್ಬಿಯ ಅಡಿಯಲ್ಲಿದೆ. ಅದೂ ಸಾಕ್ಷಿಯೇ, ನಿನ್ನ ಅಕ್ಷರ, ನಿನ್ನ ರುಜು. 19ರ ಸಂಜೆ ಐದರ ತನಕ ಕಾಯುತ್ತೇನೆ. ಅಷ್ಟರೊಳಗೆ ನೀವೇ ಬರೆದು ಕಳಿಸಿದರೆ ತಪ್ಪನ್ನು ಹೇಳಿಕೊಂಡವರಾಗುತ್ತೀರಿ. ಕಳಿಸದಿದ್ದರೆ ಸಿಕ್ಕಿಬಿದ್ದವರು. ಐದು ಗಂಟೆ ಒಂದು ನಿಮಿಷಕ್ಕೆ ಅದನ್ನು ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ಇಡಲಾರಳು ಅಂತ ನಿನಗೆ ಅನ್ನಿಸಿದ್ದರೆ, ಅಪ್ಪ ಸ್ವಂತ ತಮ್ಮ ನಡೆಸುವ ಗಾಡಿಯನ್ನೇ ನಿಲ್ಲಿಸಿ ಗಾಲಿ ಬಿಚ್ಚಿಸಿದ್ದು ನೆನಪು ಮಾಡಿಕೊ. ಚಿಕ್ಕಪ್ಪ ಎರಡು ವರ್ಷ ಮನೆಗೆ ಬರಲಿಲ್ಲ.

ಇದನ್ನು ನಿನ್ನ ಹೆಂಡತಿಗೆ ಓದಿ ಹೇಳು.

ಅಕ್ಕ


ಏಪ್ರಿಲ್ 16

ಅಕ್ಕ,

ಇದು ಸ್ಪೀಡ್ ಪೋಸ್ಟು. ಗೆದ್ದೆ, ತಗೋ.

ನಾನು ಅವಳಿಗೆ ಓದಿ ಹೇಳಲಿಲ್ಲ. ನಿನ್ನ ಕಾಗದವನ್ನು ಅಪ್ಪನ ಸುತ್ತಿಗೆಯ ಕೆಳಗೆ ಇಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದಾಗ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ನಿನ್ನ ಮೂರು ಕಾಗದವೂ ಮುಂದಿದ್ದವು, ತಾರೀಖಿನ ಪ್ರಕಾರ ಜೋಡಿಸಿ. ಬೋಲ್ಟಿನ ಸಾಲೂ ಇತ್ತು, ಕುರುಡನ ಸಾಲೂ ಇತ್ತು. ನಾನು ಬಾಯಿ ತೆಗೆಯುವ ಮುಂಚೆ ಅವಳೇ ಹೇಳಿದಳು:

‘ಅವತ್ತೇ ಬರೆಸೋಣ ಅಂದೆ. ನನ್ನ ಕೆಲಸ ಉಳಿಸ್ತೀನಿ ಅಂತ ನನ್ನನ್ನೇ ಕಳ್ಳಿ ಮಾಡಿದ್ರಿ. ನಿಮ್ಮಕ್ಕಂಗೆ ಒಂದು ಕಿವಿ ಕೇಳಲ್ಲ. ನಿಮಗೆ ಎರಡೂ ಕೇಳಲ್ಲ.’

ನಾನು ಏನೋ ಹೇಳಲು ಹೋದೆ. ಅವಳು ಬರೆಯುತ್ತಿದ್ದಳು. ಗಂಟೆ, ಕೊಕ್ಕೆ ಬಂದ ದಿಕ್ಕು, ತಾಗಿದ ಜಾಗ, ಬುಡದಿಂದ ಎಷ್ಟು ಮೀಟರು, ಎಲ್ಲ. ಒಂಬತ್ತು ಅಂತ ಬರೆಯಲಿಲ್ಲ; ಒಂಬತ್ತು ಮೀಟರು ಇಪ್ಪತ್ತು ಸೆಂಟಿಮೀಟರು ಅಂತ ಬರೆದಳು. ಅವತ್ತೇ ಟೇಪು ಹಿಡಿದು ಅಳೆದು ತನ್ನ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದಳಂತೆ. ಎರಡೂವರೆ ತಿಂಗಳಿಂದ ನನ್ನ ಪಕ್ಕದಲ್ಲಿ ಮಲಗುವವಳು ಅದನ್ನು ಇಟ್ಟುಕೊಂಡಿದ್ದಳು, ನನಗೆ ಗೊತ್ತಿರಲಿಲ್ಲ.

ಮೂರು ಪ್ರತಿ ಮಾಡಿದಳು. ಒಂದು ನಿಮ್ಮ ಸಾಹೇಬರಿಗೆ, ಒಂದು ನಮ್ಮ ಕಚೇರಿಗೆ, ಒಂದು ನಿನಗೆ. ಸಾಕ್ಷಿ ಅನ್ನುವ ಕಡೆ ನನ್ನ ರುಜು ಬೇಕು ಅಂದಳು. ಒರೆಸಿದ್ದನ್ನೂ ಬರೀರಿ ಅಂದಳು. ಬರೆದೆ. ಸಿಟ್ಟಿನಲ್ಲೇ ಬರೆದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ನಿನ್ನ ಮೇಲೆ ಸಿಟ್ಟೋ, ಅವಳ ಮೇಲೋ, ನನ್ನ ಮೇಲೋ, ಅದನ್ನು ಕಳೆದು ನೋಡಲು ನನ್ನ ಹತ್ತಿರ ಬಿಲ್ಲೆ ಇಲ್ಲ.

ಸುತ್ತಿಗೆಯನ್ನೂ ಕಟ್ಟಿ ಕಳಿಸಿದ್ದೇನೆ. ಮನೆಯಲ್ಲಿ ಅದರ ಮುಖ ನೋಡಲು ಆಗುತ್ತಿಲ್ಲ. ಅಪ್ಪನ ಆಸ್ತಿ ಪಾಲಾಯಿತು, ಇನ್ನು ಸುಮ್ಮನಿರು.

ಹಿಂದಿನ ಕಾಗದದಲ್ಲಿ ನಿನ್ನ ಕಿವಿಯ ಮಾತು ಬರೆದದ್ದು ಹೆಚ್ಚಾಯಿತು. ಅದನ್ನೊಂದು ಹರಿ.

ಮೊಂಡ


ಮೇ 2

ಮೊಂಡನಿಗೆ,

19ರ ಮಧ್ಯಾಹ್ನ ಮೂರಕ್ಕೆ ನಿನ್ನ ಪಾರ್ಸಲ್ಲು ಬಂತು. ಮೂರೂ ಹತ್ತಕ್ಕೆ ಸಾಹೇಬರು ತಮ್ಮ ಪ್ರತಿ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಅವರು ನನ್ನ ಮೇಜಿಗೆ ಬಂದದ್ದು ಅದೇ ಮೊದಲು. ಹದಿನಾಲ್ಕನೆಯದನ್ನು ಬಿಡಲಿಲ್ಲ.

27ಕ್ಕೆ ರೆಕ್ಕೆ ಇಳಿಸಿ, ಒಂಬತ್ತು ಇಪ್ಪತ್ತರಲ್ಲಿ ಗರಗಸ ಹಾಕಿದರು. ಮೇಲೆ ಬಣ್ಣ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಒಳಗೆ ಪದರಗಳು, ಒದ್ದೆಯಾಗಿ ಒಣಗಿದ ಪುಸ್ತಕದ ಹಾಳೆಗಳ ಹಾಗೆ, ಬಿಟ್ಟುಕೊಂಡಿದ್ದವು. ಮೊರದಷ್ಟು ಅಗಲ. ಸಾಹೇಬರು ಸಂದಿಯಲ್ಲಿ ಬೆರಳು ತೂರಿಸಿ ನೋಡಿ, ಕರವಸ್ತ್ರದಿಂದ ಒರೆಸಿಕೊಂಡು, ‘ಆದ್ರೂ ಮೇಡಂ, ನಮ್ಮ ಸೊನ್ನೆ ಸರಿಯಾಗೇ ಇತ್ತಲ್ವಾ?’ ಅಂದರು. ಸರಿಯಾಗೇ ಇತ್ತು ಸಾರ್ ಅಂದೆ. ನಗು ಬರಲಿಲ್ಲ. ಆ ಸೊನ್ನೆಯ ಕೆಳಗೆ ಹನ್ನೊಂದು ಕುರ್ಚಿ ಇದ್ದವು.

ನನ್ನನ್ನು ರೆಕ್ಕೆಯೊಳಗೆ ಹೋಗುವ ಕೆಲಸದಿಂದ ತೆಗೆದಿದ್ದಾರೆ. ಒಂದು ಕಿವಿಯವರು ಒಳಗೆ ತೆವಳಬಾರದು, ಯಾರಾದರೂ ಕೂಗಿದರೆ ಕೇಳುವುದಿಲ್ಲ ಅಂತ. ನಿಯಮ ಸರಿ. ನಿಯಮ ಸರಿಯಾಗಿರುವುದೇ ಹೆಚ್ಚು ಉರಿಸುತ್ತದೆ. ಈಗ ಕಿಟಕಿ ಪಕ್ಕ ಕೂತು ತಾಯಿ ದಾಖಲೆಗಳನ್ನು ನೋಡುತ್ತೇನೆ. ಅವಳನ್ನು ಮೂರು ತಿಂಗಳು ಕ್ರೇನಿನಿಂದ ಇಳಿಸಿದ್ದಾರೆ, ತೆಗೆದುಹಾಕಿಲ್ಲ ಅಂತ ಲಾರಿಯವನಿಂದ ತಿಳಿಯಿತು. ನಿನಗೆ ಏನು ಮಾಡಿದರು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಿಟ್ಟು ಇಳಿದಿಲ್ಲ. ಇಳಿಯುವ ಹಾಗೂ ಕಾಣುವುದಿಲ್ಲ, ಯಾಕೆ ಅಂದರೆ ನಿನ್ನ ಕಾಗದದ ಒಂದು ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ: ತಿಂಗಳ ಕೊನೆಗೆ ನಾವು ಹಾಗೇ ಮಾಡುವುದು. ಎಷ್ಟು ತಿಂಗಳು? ಎಷ್ಟು ರೆಕ್ಕೆ? ಈ ಗುಡ್ಡದಲ್ಲಿ ಮಾತ್ರ ಅಂಗಳದಲ್ಲಿ ಹಾಡಿಸಿದ ತಾಯಿ ದಾಖಲೆ ಏಳು ಸಿಕ್ಕಿವೆ. ಏಳನ್ನೂ ನಿಲ್ಲಿಸಿದ್ದೇನೆ, ಸಾಹೇಬರು ಈ ಸಲ ಕೈಪಿಡಿ ತೆಗೆಯಲಿಲ್ಲ. ಬೇರೆ ಗುಡ್ಡಗಳಿಗೆ ಹೋದ ಅಂಥ ರೆಕ್ಕೆಗಳ ಪಟ್ಟಿ ನಿಮ್ಮ ಷೆಡ್ಡಿನಲ್ಲಿದೆ. ನಾನು ಕೇಳಿ, ಗದರಿ, ಗಡುವು ಇಟ್ಟ ಮೇಲೆ ಅದು ಬರಬಾರದು. ಈ ಕಾಗದ ಮುಟ್ಟಿದ ದಿನವೇ ಹೊರಡಬೇಕು.

ಈ ಕಾಗದದ ಜೊತೆ ಸುತ್ತಿಗೆ ವಾಪಸ್ ಬಂದಿದೆ ಅಂತ ಬೇಜಾರು ಮಾಡಿಕೊಳ್ಳಬೇಡ, ಅದು ನಿನಗೆ ಬಂದದ್ದಲ್ಲ. ಪಾರ್ಸಲ್ಲಿನ ಮೇಲೆ ಹೆಸರು ಓದು, ಅವಳದ್ದು. ಇಲ್ಲಿ ನಾನು ಬಡಿಯುವ ಹೊತ್ತಿಗೆ ತಡವಾಗಿರುತ್ತದೆ. ಬಡಿಯಬೇಕಾದದ್ದು ಅಲ್ಲಿ, ರೆಕ್ಕೆ ಮೊದಲ ಸಲ ಹಾಡುವ ಮುಂಚೆ. ಕ್ರೇನಿನಿಂದ ಇಳಿದವಳಿಗೆ ಮೂರು ತಿಂಗಳು ನೆಲದ ಮೇಲೆ ಕೆಲಸ ಬೇಕಲ್ಲ. ಬುಡದಿಂದ ಶುರು ಮಾಡಲಿ, ಗೇಣಿಗೊಂದು ಪೆಟ್ಟು, ಹಿಡಿ ಸಡಿಲವಾಗಿರಲಿ, ಅಪ್ಪ ಹಿಡಿಯುತ್ತಿದ್ದ ಹಾಗೆ. ಅವಳು ಬಡಿದು ಹೇಳಿದ್ದನ್ನು ನೀನು ಬರೆದುಕೊ. ಒಂದಕ್ಷರ ಒರೆಸಬೇಡ.

ಬೋಲ್ಟಿನ ಮಾತು ಬರೆದದ್ದಕ್ಕೆ ಅವಳಿಗೆ ಬೇರೆ ಕಾಗದ ಬರೆದು ಪಾರ್ಸಲ್ಲಿನ ಒಳಗಿಟ್ಟಿದ್ದೇನೆ. ಅದನ್ನು ನೀನು ಓದಕೂಡದು.

ಮೊದಲ ರೆಕ್ಕೆ ಬಡಿದ ದಿನ ಅವಳ ಕೈಯಲ್ಲಿ ಫೋನು ಮಾಡಿಸು. ಬಲಗಿವಿಗೆ ಹಿಡಿದುಕೊಳ್ಳುತ್ತೇನೆ.

ಅಕ್ಕ